ಪೀಣ್ಯದಿಂದ ಫಾರ್ಮುಲಾ 4ಕ್ಕೆ: ಮಗನ ಲ್ಯಾಪ್‌ಗಳ ಲೆಕ್ಕ

ನನ್ನ ಮಗ ಫಾರ್ಮುಲಾ 4, ಅಂದರೆ ಫಾರ್ಮುಲಾ 1ರ ಕಡೆಗೆ ಹೋಗುವ ಏಣಿಯ ಕೆಳಗಿನ ಮೆಟ್ಟಿಲಿನ ರೇಸ್ ಕಾರು ಓಡಿಸುತ್ತಾನೆ ಅಂತ ಗೊತ್ತಾದ ತಕ್ಷಣ ಜನ ಎರಡು ಪ್ರಶ್ನೆ ಕೇಳುತ್ತಾರೆ. "ಎಷ್ಟು ಸ್ಪೀಡಲ್ಲಿ ಹೋಗ್ತಾನೆ?" ಆಮೇಲೆ, "ನಿಮಗೆ ಭಯ ಆಗಲ್ವಾ?" ಎರಡಕ್ಕೂ ಉತ್ತರ ಇದೆ. ಆದರೆ ಇಷ್ಟು ವರ್ಷ ಅವನ ಹಿಂದೆ ಟೂಲ್ ಬಾಕ್ಸ್ ಹಿಡಿದು ಓಡಾಡಿದ ಮೇಲೆ ನನಗೆ ಅನ್ನಿಸಿರೋದು ಬೇರೆ. ಈ ಆಟದಲ್ಲಿ ಒಬ್ಬ ಹುಡುಗ ಮೇಲಕ್ಕೆ ಹೋಗುತ್ತಾನೋ ಇಲ್ಲವೋ ಅನ್ನುವುದು ಧೈರ್ಯಕ್ಕಿಂತ ಜಾಸ್ತಿ ಲ್ಯಾಪ್‌ಗಳ ಮೇಲೆ, ಅಂದರೆ ಟ್ರ್ಯಾಕ್ ಸುತ್ತುಗಳ ಮೇಲೆ ನಿಂತಿದೆ. ಚಿಕ್ಕ ವಯಸ್ಸಿನಲ್ಲಿ ಟ್ರ್ಯಾಕ್ ಮೇಲೆ ಎಷ್ಟು ಹೊತ್ತು ಸಿಕ್ಕಿತು? ಅಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ನಾನು ಪೀಣ್ಯದಲ್ಲಿ ಒಂದು ಚಿಕ್ಕ ಮಷೀನ್ ಶಾಪ್ ನಡೆಸುತ್ತೇನೆ. ನಮ್ಮ ಮನೆಯಲ್ಲಿ ಯಾರೂ ರೇಸ್ ಮಾಡಿದವರಲ್ಲ. ಮಗ ಪ್ರೈಮರಿ ಶಾಲೆಯಲ್ಲಿದ್ದಾಗ ರಜೆಯಲ್ಲಿ ಬಾಡಿಗೆ ಕಾರ್ಟ್, ಅಂದರೆ ನೆಲಕ್ಕಂಟಿದ ಚಿಕ್ಕ ತೆರೆದ ರೇಸ್ ಗಾಡಿ, ಓಡಿಸಲು ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿದ್ದ ಕೋಚ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಇವನ ಟೈಮ್ ನೋಡಿ. ವೇಗವಾಗಿದ್ದಾನೆ ಅಂತಲ್ಲ, ಪ್ರತಿ ಲ್ಯಾಪೂ ಒಂದೇ ಥರ ಬರ್ತಿದೆ" ಅಂದರು. ಅಷ್ಟು ಚಿಕ್ಕ ಹುಡುಗ ಒಂದು ತಿರುವನ್ನು ಮತ್ತೆ ಮತ್ತೆ ಅದೇ ರೀತಿ ತೆಗೆದುಕೊಳ್ಳುತ್ತಾನೆ ಅಂದರೆ, ಅವನು ಏನೋ ನೋಡುತ್ತಿದ್ದಾನೆ ಅಂತ ಅರ್ಥ. ಆ ಮಾತು ನನ್ನನ್ನು ಹಿಡಿದುಕೊಂಡಿತು.

ಬಾಡಿಗೆ ಕಾರ್ಟಿಗೂ ರೇಸ್ ಕಾರ್ಟಿಗೂ ಸಂಬಂಧವೇ ಇಲ್ಲ ಅನ್ನಬಹುದು. ನಮ್ಮಲ್ಲಿ ರಾಷ್ಟ್ರೀಯ ಮಟ್ಟದಲ್ಲಿ ಮಕ್ಕಳು ಓಡಿಸುವುದು ರೋಟಾಕ್ಸ್ ಎಂಜಿನ್, 125 ಸಿಸಿ ಟೂ ಸ್ಟ್ರೋಕ್. ಮೈಕ್ರೋ ಮ್ಯಾಕ್ಸ್, ಮಿನಿ ಮ್ಯಾಕ್ಸ್, ಜೂನಿಯರ್ ಮ್ಯಾಕ್ಸ್, ಸೀನಿಯರ್ ಮ್ಯಾಕ್ಸ್ ಅಂತ ವಯಸ್ಸಿಗೆ ತಕ್ಕಂತೆ ವರ್ಗಗಳು. ಚಿಕ್ಕವರ ಎಂಜಿನ್‌ಗೆ ರಿಸ್ಟ್ರಿಕ್ಟರ್ ಹಾಕಿ ಶಕ್ತಿ ಕಮ್ಮಿ ಮಾಡಿರುತ್ತಾರೆ. ದೇಶದ ಮೋಟಾರ್ ರೇಸಿಂಗ್ ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಲೈಸೆನ್ಸ್ ಇಲ್ಲದೆ ರೇಸಿಗೆ ಇಳಿಯುವ ಹಾಗಿಲ್ಲ. ಎಂಜಿನ್‌ಗೆ ಸೀಲ್ ಹಾಕಿರುತ್ತಾರೆ. ಒಪ್ಪಿಗೆ ಪಡೆದ ಸರ್ವಿಸ್ ಸೆಂಟರ್ ಬಿಟ್ಟು ಬೇರೆ ಯಾರೂ ಅದನ್ನು ಬಿಚ್ಚುವಂತಿಲ್ಲ. ಲೇತ್, ಮಿಲ್ಲಿಂಗ್ ಎಲ್ಲ ಗೊತ್ತಿರುವ ನನ್ನಂಥವನಿಗೆ ಮೊದಲು ಇದು ಕೈ ಕಟ್ಟಿದಂತೆ ಅನ್ನಿಸಿತು. ಈಗ ಅದು ಎಷ್ಟು ಒಳ್ಳೆಯ ನಿಯಮ ಅಂತ ಅರ್ಥವಾಗಿದೆ. ದುಡ್ಡಿರುವ ಅಪ್ಪ ಎಂಜಿನ್ ಒಳಗೆ ಕೈಯಾಡಿಸಿ ಗೆಲುವು ಕೊಳ್ಳಲು ಆಗುವುದಿಲ್ಲ. ಕೆಲಸವೆಲ್ಲ ಚಾಸಿ (ಪೈಪುಗಳ ಚೌಕಟ್ಟು), ಟೈರು, ಕಾರ್ಬ್ಯುರೇಟರ್, ಡ್ರೈವರ್ ಇಷ್ಟರಲ್ಲೇ ಮುಗಿಯಬೇಕು.

ಆ ಚಾಸಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಾರ್ಟಿನಲ್ಲಿ ಸಸ್ಪೆನ್ಷನ್ ಇಲ್ಲ. ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡು ಚಕ್ರಗಳಿಗೂ ಒಂದೇ ಆಕ್ಸಲ್. ಅಂದರೆ ತಿರುವಿನಲ್ಲಿ ಒಳಗಿನ ಚಕ್ರವೂ ಹೊರಗಿನ ಚಕ್ರವೂ ಒಂದೇ ವೇಗದಲ್ಲಿ ಸುತ್ತುತ್ತವೆ. ಹಾಗಿದ್ದರೆ ಕಾರ್ಟ್ ತಿರುಗುವುದು ಹೇಗೆ? ಒಳಗಿನ ಹಿಂದಿನ ಚಕ್ರ ನೆಲ ಬಿಟ್ಟು ಸ್ವಲ್ಪ ಮೇಲೇಳಬೇಕು. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳ ಕೋನ, ಚಾಸಿಯ ಪೈಪುಗಳ ಬಾಗು, ಡ್ರೈವರ್ ತೂಕ ಎಲ್ಲ ಸೇರಿ ಆ ಚಕ್ರವನ್ನು ಎತ್ತುತ್ತವೆ. ಬೇಗ ಎತ್ತಿದರೆ ಹಿಂಭಾಗ ಜಾರುತ್ತದೆ. ಎತ್ತದೇ ಹೋದರೆ ಕಾರ್ಟ್ ನೇರಕ್ಕೆ ತಳ್ಳಿಕೊಂಡು ಹೋಗುತ್ತದೆ, ಎಂಜಿನ್ ತಿಣುಕುತ್ತದೆ. ಸೀಟನ್ನು ಕೆಲವೇ ಮಿಲಿಮೀಟರ್ ಹಿಂದೆ ಸರಿಸಿದರೂ ಎಲ್ಲ ಬದಲಾಗುತ್ತದೆ.

ಇದನ್ನು ನಾನು ಕಾಗದದ ಮೇಲೆ ಗೀಚಿ ಅರ್ಥ ಮಾಡಿಕೊಂಡೆ. ಮಗ ಬೆನ್ನು, ಸೊಂಟದಿಂದ ಅರ್ಥ ಮಾಡಿಕೊಂಡ. ಟ್ರ್ಯಾಕ್ ಪಕ್ಕದ ರಿಪೇರಿ ಜಾಗ ಪಿಟ್‌ಗೆ ಬಂದು ಹೆಲ್ಮೆಟ್ ತೆಗೆಯುವ ಮೊದಲೇ, "ಅಪ್ಪಾ, ಎರಡನೇ ತಿರುವಲ್ಲಿ ಎತ್ತುತ್ತೆ, ಆದ್ರೆ ಬೇಗ ಇಳಿದುಬಿಡುತ್ತೆ" ಅನ್ನುತ್ತಿದ್ದ. ನಾನು ಹಿಂದಿನ ಚಕ್ರಗಳ ನಡುವಿನ ಅಗಲ ಸ್ವಲ್ಪ ಬದಲಿಸುತ್ತಿದ್ದೆ, ಇಲ್ಲವೇ ಟೈರ್ ಪ್ರೆಷರ್ ಅರ್ಧ ಪಿಎಸ್‌ಐ ಇಳಿಸುತ್ತಿದ್ದೆ. ಮತ್ತೆ ಕಳಿಸುತ್ತಿದ್ದೆ. ಅವನು ಬಂದು ಹೇಳುತ್ತಿದ್ದ. ಹೀಗೆ ಒಂದು ಮಧ್ಯಾಹ್ನವೆಲ್ಲ ಕಳೆಯುತ್ತಿತ್ತು. ಆ ಮಧ್ಯಾಹ್ನಗಳೇ ನಿಜವಾದ ಶಾಲೆ. ಹತ್ತು ಸಲ ಬದಲಿಸಿ ಹತ್ತು ಸಲ ಓಡಿಸಿದ ಹುಡುಗನಿಗೆ ಮಾತ್ರ ಬದಲಾವಣೆ ಏನು ಮಾಡಿತು ಅಂತ ಹೇಳುವ ಭಾಷೆ ಬರುತ್ತದೆ.

ಇನ್ನೊಂದು ವಿಷಯ ಬೆಂಗಳೂರಿನವರಿಗೇ ವಿಶೇಷ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಹಾಗಾಗಿ ಕಾರ್ಬ್ಯುರೇಟರ್‌ನ ಮೇನ್ ಜೆಟ್, ಅಂದರೆ ಪೆಟ್ರೋಲ್ ಹರಿಯುವ ತೂತಿನ ತುಂಡು, ಚಿಕ್ಕದು ಹಾಕಬೇಕು. ಅದೇ ಜೆಟ್ ಹಾಕಿಕೊಂಡು ಚೆನ್ನೈಗೆ ಇಳಿದರೆ, ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕೊಯಮತ್ತೂರು ಇವೆರಡರ ನಡುವೆ. ಬೆಳಗ್ಗೆ ಒಂದು ಜೆಟ್, ಬಿಸಿಲೇರಿದ ಮೇಲೆ ಇನ್ನೊಂದು. ಪೆಟ್ರೋಲ್ ಸರಿಯಾಗಿದೆಯಾ ಅಂತ ತಿಳಿಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದನ್ನು ಮಗನಿಗೂ ಕಲಿಸಿದೆ. ಅವನಿಗೆ ಆ ಕೆಲಸ ಇಷ್ಟ. ಈಗಲೂ ತನ್ನ ಎಂಜಿನಿಯರ್ ಜೊತೆ ಮಾತಾಡುವಾಗ ಆ ಅಭ್ಯಾಸ ಕಾಣುತ್ತದೆ. ಮೊದಲು ಹವಾಮಾನ ಕೇಳುತ್ತಾನೆ, ಆಮೇಲೆ ಕಾರು.

ಕಾರ್ಟಿಂಗ್ ರೇಸ್ ವಾರಾಂತ್ಯ ಬೇಗ ಮುಗಿದುಹೋಗುತ್ತದೆ. ಪ್ರಾಕ್ಟೀಸ್, ಯಾರು ಎಲ್ಲಿಂದ ಶುರು ಮಾಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್, ಪ್ರಿ ಫೈನಲ್, ಫೈನಲ್. ರೇಸ್ ಮುಗಿದ ತಕ್ಷಣ, ಕನಿಷ್ಠ ತೂಕ ಇದೆಯಾ ಅಂತ ನೋಡಲು, ಕಾರ್ಟ್ ಸಮೇತ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಬೆಳೆಯುವ ಮಕ್ಕಳಿಗೆ ಇದು ದೊಡ್ಡ ವಿಷಯ. ಮಗ ಒಂದೇ ವರ್ಷದಲ್ಲಿ ಎತ್ತರ ಆದಾಗ ಸೀಟಿಗೆ ಬೋಲ್ಟ್ ಮಾಡಿದ್ದ ಸೀಸದ ತುಂಡುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದೆವು. ಕೊನೆಗೆ ತೆಗೆಯಲು ಏನೂ ಉಳಿಯಲಿಲ್ಲ. ಮುಂದಿನ ವರ್ಗಕ್ಕೆ ಹೋಗುವ ಕಾಲ ಬಂತು ಅಂತ ಅರ್ಥ.

ಆ ಸಮಯದಲ್ಲೇ ಉಳಿತಾಯದ ದುಡ್ಡು ತೆಗೆದು ಇಟಲಿಗೆ ಹೋದೆವು. ಉತ್ತರ ಇಟಲಿಯ ಲೊನಾಟೊದಲ್ಲಿ ಸೌತ್ ಗಾರ್ಡಾ ಕಾರ್ಟಿಂಗ್ ಅಂತ ಟ್ರ್ಯಾಕ್ ಇದೆ. ಗಾರ್ಡಾ ಸರೋವರದ ಹತ್ತಿರ. ಕಾರ್ಟ್ ಪ್ರಪಂಚದ ದೊಡ್ಡ ಹೆಸರುಗಳೆಲ್ಲ ಆ ಸುತ್ತಮುತ್ತಲೇ. ಸಿಆರ್‌ಜಿ ಕಾರ್ಖಾನೆ ಅದೇ ಊರಿನಲ್ಲಿ. ಟೋನಿ ಕಾರ್ಟ್ ಅದೇ ಬ್ರೆಶಾ ಪ್ರಾಂತ್ಯದಲ್ಲಿ. ಪೀಣ್ಯದಲ್ಲಿ ಒಂದು ಬುಶ್ ಬೇಕಾದರೆ ಪಕ್ಕದ ಶೆಡ್‌ಗೆ ಹೋಗುತ್ತೇವಲ್ಲ, ಅಲ್ಲಿ ಕಾರ್ಟಿನ ಚಾಸಿಗೂ ಹಾಗೆಯೇ.

ಚಳಿಯ ದಿನ, ವಾರದ ನಡುವೆ. ಆದರೂ ತಂಡಗಳು ಬೀಡುಬಿಡುವ ಪ್ಯಾಡಾಕ್ ತುಂಬಿತ್ತು. ಟೆಂಟುಗಳ ಸಾಲು, ಪೋಲೆಂಡ್, ಬ್ರಿಟನ್, ಚೀನಾ, ಬ್ರೆಜಿಲ್ ಮಕ್ಕಳು. ಎಷ್ಟೋ ಕುಟುಂಬಗಳು ಮಕ್ಕಳಿಗಾಗಿ ಅಲ್ಲಿಗೇ ಬಂದು ಬಾಡಿಗೆ ಮನೆ ಮಾಡಿವೆ. ಶಾಲೆ ಆನ್‌ಲೈನ್. ನನ್ನ ಮಗನ ವಯಸ್ಸಿನ ಒಬ್ಬ ಹುಡುಗನ ಅಪ್ಪನ ಜೊತೆ ಮಾತಾಡಿದೆ. ನಾವು ಒಂದು ಇಡೀ ಸೀಸನ್‌ನಲ್ಲಿ ಓಡಿಸುವಷ್ಟನ್ನು ಅವರು ಸುಮಾರು ಒಂದು ತಿಂಗಳಲ್ಲಿ ಓಡಿಸುತ್ತಿದ್ದರು. ಅದನ್ನು ಕೇಳಿ ನಾನು ಸುಮ್ಮನೆ ನಿಂತುಬಿಟ್ಟೆ.

ಟ್ರ್ಯಾಕ್ ಕೂಡ ಬೇರೆ ಥರ. ಅಷ್ಟು ಕಾರ್ಟ್‌ಗಳು ಓಡಿ ಓಡಿ ಡಾಂಬರಿನ ಮೇಲೆ ರಬ್ಬರ್ ಪದರ ಕೂತಿರುತ್ತದೆ. ಹಿಡಿತ ಎಷ್ಟು ಜಾಸ್ತಿ ಅಂದರೆ ಕಾರ್ಟ್ ಜಾರುವ ಬದಲು ಎರಡು ಚಕ್ರದ ಮೇಲೆ ಎದ್ದು ನಿಲ್ಲುತ್ತದೆ. ನಮ್ಮಲ್ಲಿ ಹಿಡಿತ ಹುಡುಕುತ್ತಾ ಚಾಸಿ ಸೆಟ್ ಮಾಡುತ್ತಿದ್ದೆವು. ಅಲ್ಲಿ ಹಿಡಿತ ಕಮ್ಮಿ ಮಾಡಲು ಸೆಟ್ ಮಾಡಬೇಕು. ಮಗ ಮೊದಲ ದಿನ ತೀರಾ ಹಿಂದಿದ್ದ. ವಾರದ ಕೊನೆಗೆ ಆ ಅಂತರ ಬಹಳ ಕರಗಿತ್ತು. ರಾತ್ರಿ ಪಾಸ್ತಾ ತಿನ್ನುತ್ತಾ, "ಅವರು ನನಗಿಂತ ಚೆನ್ನಾಗಿ ಓಡಿಸ್ತಾರೆ ಅಂತ ಅಲ್ಲಪ್ಪ. ಏನಾಗುತ್ತೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತೆ" ಅಂದ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಭಾರತದಿಂದ ಮೇಲೇರಿದವರ ಹಾದಿ ನೋಡಿದರೂ ಇದೇ ಕಾಣುತ್ತದೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800 ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರು ಕಟ್ಟಿದರು. ಕಮ್ಮಿ ದುಡ್ಡಿನಲ್ಲಿ ನಮ್ಮ ಹುಡುಗರು ಸಿಂಗಲ್ ಸೀಟರ್ ಓಡಿಸಲಿ ಅನ್ನೋದು ಅವರ ಆಸೆ. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು. ನರೇನ್ ಕಾರ್ತಿಕೇಯನ್ ಅಂಥ ಫಾರ್ಮುಲಾ ಮಾರುತಿಯಲ್ಲೇ ಶುರು ಮಾಡಿ, ಫ್ರಾನ್ಸಿನ ವಿನ್‌ಫೀಲ್ಡ್ ಶಾಲೆಗೆ ಹೋಗಿ, 1996ರಲ್ಲಿ ಫಾರ್ಮುಲಾ ಏಷ್ಯಾ ಗೆದ್ದು, 2005ರಲ್ಲಿ ಜೋರ್ಡನ್ ತಂಡದಲ್ಲಿ ಫಾರ್ಮುಲಾ 1 ಓಡಿಸಿದ ಮೊದಲ ಭಾರತೀಯ ಆದರು. 2010ರಲ್ಲಿ ಕರುಣ್ ಚಂದೋಕ್. ಅಷ್ಟೇ, ಇಬ್ಬರೇ. 2011ರಲ್ಲಿ ಫಾರ್ಮುಲಾ 1ರ ಫೋರ್ಸ್ ಇಂಡಿಯಾ ತಂಡ ದೇಶದಾದ್ಯಂತ ಮಕ್ಕಳನ್ನು ಹುಡುಕಿ ಮೂವರನ್ನು ಆರಿಸಿತು. ಅರ್ಜುನ್ ಮೈನಿ, ಜೆಹಾನ್ ದಾರುವಾಲಾ, ತರುಣ್ ರೆಡ್ಡಿ. ಅರ್ಜುನ್ ನಮ್ಮ ಬೆಂಗಳೂರಿನವರು. ಆಮೇಲೆ ಜಿಪಿ3, ಫಾರ್ಮುಲಾ 2 ಓಡಿಸಿ ಜರ್ಮನಿಯ ಡಿಟಿಎಂ ಕಾರ್ ರೇಸ್ ಸರಣಿಗೆ ಹೋದರು. ಜೆಹಾನ್ ಫಾರ್ಮುಲಾ 2ರಲ್ಲಿ ರೇಸ್‌ಗಳನ್ನೇ ಗೆದ್ದರು. ಇವರೆಲ್ಲರೂ ಚಿಕ್ಕ ವಯಸ್ಸಿನಲ್ಲೇ ದೇಶ ಬಿಟ್ಟು ಹೋಗಿ ಓಡಿಸಿದವರು. ಪ್ರತಿಭೆ ಇಲ್ಲಿತ್ತು, ಲ್ಯಾಪ್ ಅಲ್ಲಿತ್ತು.

ನಮಗೆ ಇಟಲಿಯಲ್ಲಿ ಮನೆ ಮಾಡುವ ಶಕ್ತಿ ಇಲ್ಲ. ಹಾಗಾಗಿ ಊರಿಗೆ ಬಂದು ಎಲ್‌ಜಿಬಿ ಫಾರ್ಮುಲಾ 4 ಆರಿಸಿಕೊಂಡೆವು. ಹೆಸರಲ್ಲಿ ಫಾರ್ಮುಲಾ 4 ಇದ್ದರೂ, ಜಗತ್ತಿನ ಮೋಟಾರ್ ರೇಸಿಂಗ್ ನೋಡಿಕೊಳ್ಳುವ ಎಫ್‌ಐಎ ಸಂಸ್ಥೆಯ ಫಾರ್ಮುಲಾ 4 ಬೇರೆ, ಇದು ಬೇರೆ. ಇದು ಮಾರುತಿ ಎಂಜಿನ್ ಇರುವ, ರೆಕ್ಕೆಗಳಿಲ್ಲದ ಸರಳ ಕಾರು. ಕ್ಲಚ್ ಇದೆ, ಗೇರನ್ನು ಕೈಯಲ್ಲೇ ಹಾಕಬೇಕು. ಬ್ರೇಕ್ ಒತ್ತಿಕೊಂಡೇ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುವುದನ್ನು ಮಗ ಇಲ್ಲೇ ಕಲಿತದ್ದು. ಈ ಕಾರಿನ ಬಗ್ಗೆ ನನಗೆ ತುಂಬಾ ಗೌರವ. ಕರಿ ಸ್ಪೀಡ್‌ವೇ ಸುಮಾರು 2.1 ಕಿಲೋಮೀಟರ್‌ನ ಚಿಕ್ಕ ಟ್ರ್ಯಾಕ್, ಎಲ್ಲ ಕಾರುಗಳೂ ಒಂದಕ್ಕೊಂದು ಅಂಟಿಕೊಂಡೇ ಓಡುತ್ತವೆ. ನೇರ ದಾರಿಯಲ್ಲಿ ಮುಂದಿನ ಕಾರಿನ ಬೆನ್ನಿಗೆ ಬಿದ್ದು ಗಾಳಿ ತಪ್ಪಿಸಿಕೊಂಡು ಹೋಗುವುದು, ಯಾವ ತಿರುವಿನಲ್ಲಿ ನುಗ್ಗಬೇಕು, ಎಲ್ಲಿ ಕಾಯಬೇಕು, ಇದೆಲ್ಲ ಅಲ್ಲಿ ಕೈಗೆ ಹತ್ತಿತು.

ಆಮೇಲೆ ಎಫ್‌ಐಎ ಫಾರ್ಮುಲಾ 4. ಭಾರತದ ಚಾಂಪಿಯನ್‌ಶಿಪ್‌ನಲ್ಲಿ ಓಡುವುದು ಫ್ರಾನ್ಸಿನ ಮೈಗಾಲ್ ಕಂಪನಿಯ ಕಾರು. ಕಾರ್ಬನ್ ಮೈ, ತಲೆಯ ಮೇಲೆ ಅದನ್ನು ಕಾಪಾಡುವ ಹೇಲೋ ಅನ್ನುವ ಬಳೆ, ಸ್ಟೀರಿಂಗ್ ಹಿಂದೆ ಗೇರ್ ಪ್ಯಾಡಲ್, ಟರ್ಬೋ ಎಂಜಿನ್, ಮುಂದೆ ಹಿಂದೆ ರೆಕ್ಕೆ. ಓಡಿಸುವವರಿಗೆ 15 ವರ್ಷ ತುಂಬಿರಬೇಕು. ಮಗನಿಗೆ ಇಲ್ಲಿ ಎಲ್ಲಕ್ಕಿಂತ ಕಷ್ಟ ಆದದ್ದು ಬ್ರೇಕ್.

ಕಾರಣ ಹೇಳುತ್ತೇನೆ. ರೆಕ್ಕೆ ಇರುವ ಕಾರು ವೇಗವಾಗಿ ಹೋಗುವಾಗ ಗಾಳಿ ಅದನ್ನು ನೆಲಕ್ಕೆ ಒತ್ತುತ್ತದೆ. ಆಗ ಟೈರಿಗೆ ಹಿಡಿತ ಜಾಸ್ತಿ. ಹಾಗಾಗಿ ಬ್ರೇಕನ್ನು ಮೊದಲ ಕ್ಷಣದಲ್ಲೇ ಪೂರ್ತಿ ಬಲದಿಂದ ಒದೆಯಬೇಕು. ವೇಗ ಇಳಿದ ಹಾಗೆ ಗಾಳಿಯ ಒತ್ತಡವೂ ಇಳಿಯುತ್ತದೆ, ಹಿಡಿತವೂ ಇಳಿಯುತ್ತದೆ. ಆಗ ಕಾಲನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ತಿರುವಿನೊಳಗೆ ಹೋಗಬೇಕು. ಬಿಡುವುದು ಒಂದು ಕ್ಷಣ ತಡವಾದರೆ ಚಕ್ರ ಲಾಕ್ ಆಗಿ ಟೈರ್ ಸವೆದು ಚಪ್ಪಟೆಯಾಗುತ್ತದೆ. ರಸ್ತೆ ಕಾರಿನಲ್ಲಿ ಇರುವಂತೆ ಕಾಲಿಗೆ ನೆರವಾಗುವ ಸರ್ವೋ ಇಲ್ಲ. ಪೆಡಲ್ ಕಲ್ಲಿನ ಹಾಗೆ. ಅದೂ ಎಡಗಾಲಲ್ಲಿ. ಕಾರ್ಟಿನಲ್ಲೂ ಎಡಗಾಲೇ, ಆದರೆ ಅಲ್ಲಿ ಹಿಂದಿನ ಆಕ್ಸಲ್‌ಗೆ ಮಾತ್ರ ಬ್ರೇಕ್, ಅಲ್ಲಿನ ಕಾಲಿನ ಬಲ ಇಲ್ಲಿ ಏನೂ ಅಲ್ಲ.

ಸೆಷನ್ ಮುಗಿದ ಮೇಲೆ ಎಂಜಿನಿಯರ್ ಲ್ಯಾಪ್‌ಟಾಪ್‌ನಲ್ಲಿ ಎರಡು ಗೆರೆ ತೋರಿಸುತ್ತಾರೆ. ಒಂದು ವೇಗದ ಡ್ರೈವರ್‌ನ ಬ್ರೇಕ್, ಇನ್ನೊಂದು ಇವನದು. ಅವರದು ಗೋಡೆಯಂತೆ ನೇರ ಏರಿ, ಆಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಇವನದು ಗುಡ್ಡದಂತೆ ಏರಿ ಇಳಿಯುತ್ತಿತ್ತು. ಮನೆಗೆ ಬಂದು ನಾನು ಅಂಗಡಿಯಲ್ಲಿ ಒಂದು ಪೆಡಲ್ ಮಾಡಿ, ಒತ್ತುವ ಬಲ ಅಳೆಯುವ ಲೋಡ್ ಸೆಲ್ ಜೋಡಿಸಿ, ಸಿಮ್ಯುಲೇಟರ್‌ಗೆ ಹಾಕಿಕೊಟ್ಟೆ. ಸಂಜೆ ಕಾಲೇಜಿನಿಂದ ಬಂದು ಒದೆಯುತ್ತಲೇ ಇರುತ್ತಿದ್ದ. ಅವನ ಅಮ್ಮ, "ಸಾಕು ಬಾರೋ, ಊಟ ಆರ್ತಿದೆ" ಅಂದರೂ ಏಳುತ್ತಿರಲಿಲ್ಲ. ಗೆರೆ ನೇರ ಆಯಿತು. ಆದರೆ ಪೆಡಲ್ ಬಿಡುವ ಭಾಗ ಸಿಮ್ಯುಲೇಟರ್‌ನಲ್ಲಿ ಪೂರ್ತಿ ಬರಲಿಲ್ಲ. ಟೈರು ಲಾಕ್ ಆಗುವ ಮುಂಚೆ ಕಾರು ನಡುಗುವುದನ್ನು ಕಾರೇ ಕಲಿಸಬೇಕು. ಅದಕ್ಕೆ ಮತ್ತೆ ಲ್ಯಾಪ್ ಬೇಕು.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನ ಸೆಕೆಯ ಬಗ್ಗೆ ಒಂದೇ ಮಾತು. ಮೂರು ಪದರದ ಬೆಂಕಿ ತಡೆಯುವ ಬಟ್ಟೆ ಹಾಕಿಕೊಂಡು ಆ ಬಿಸಿಲಲ್ಲಿ ಓಡಿಸಿ ಬಂದ ಹುಡುಗನ ಕೈಗವಸು ಹಿಂಡಿದರೆ ನೀರು ಸುರಿಯುತ್ತದೆ. ಕುತ್ತಿಗೆಗೆ ದಿನವೂ ವ್ಯಾಯಾಮ ಬೇಕು, ಇಲ್ಲದಿದ್ದರೆ ಕೊನೆಯ ಲ್ಯಾಪ್‌ಗಳಲ್ಲಿ ತಲೆ ನಿಲ್ಲುವುದಿಲ್ಲ.

ಈಗ ಮೇಲಿನ ಮೆಟ್ಟಿಲುಗಳು. ಫಾರ್ಮುಲಾ 4 ಆದ ಮೇಲೆ ಫಾರ್ಮುಲಾ ರೀಜನಲ್, ಆಮೇಲೆ ಫಾರ್ಮುಲಾ 3, ಫಾರ್ಮುಲಾ 2. ಫಾರ್ಮುಲಾ 1 ಓಡಿಸಲು ಎಫ್‌ಐಎ ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ ಮೂರು ಸೀಸನ್‌ಗಳಲ್ಲಿ 40 ಪಾಯಿಂಟ್. ಒಂದು ದೇಶದ ಎಫ್‌ಐಎ ಫಾರ್ಮುಲಾ 4 ಚಾಂಪಿಯನ್‌ಗೆ ಸಿಗುವುದು 12. ಫಾರ್ಮುಲಾ 2ರಲ್ಲಿ ಮೊದಲ ಮೂರು ಸ್ಥಾನದವರಿಗೆ ಒಂದೇ ಸಲ 40. ಖರ್ಚೂ ಹಾಗೇ ಏರುತ್ತದೆ. ಫಾರ್ಮುಲಾ 3ರ ಒಂದು ಸೀಸನ್ ಅಂದರೆ ಹತ್ತು ಕೋಟಿಯ ಆಸುಪಾಸಿನ ಮಾತು. ಫಾರ್ಮುಲಾ 2 ಅದಕ್ಕೂ ಎಷ್ಟೋ ಮೇಲೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿದೆ. ಮೇಲೆ ಹೋದಷ್ಟೂ ಓಡಿಸಲು ಸಿಗುವ ಸಮಯ ಕಮ್ಮಿಯಾಗುತ್ತದೆ. ಫಾರ್ಮುಲಾ 2 ವಾರಾಂತ್ಯದಲ್ಲಿ ಪ್ರಾಕ್ಟೀಸ್ ಬರೀ 45 ನಿಮಿಷ. ಆಮೇಲೆ ನೇರ ಕ್ವಾಲಿಫೈಯಿಂಗ್. ನೋಡದೇ ಇರುವ ಟ್ರ್ಯಾಕ್ ಆದರೂ ಅಷ್ಟೇ. ಅಂದರೆ ಅಲ್ಲಿಗೆ ಹೋಗಿ ಕಲಿಯಲು ಸಮಯವಿಲ್ಲ. ಎಂಟು, ಹತ್ತು, ಹನ್ನೆರಡನೇ ವಯಸ್ಸಿನಲ್ಲಿ ಮೈಗೆ ಸೇರಿಸಿಕೊಂಡದ್ದನ್ನೇ ಅಲ್ಲಿ ತೆಗೆದು ಖರ್ಚು ಮಾಡಬೇಕು. ಅದಕ್ಕೇ ನಾನು ಶುರುವಿನಲ್ಲಿ ಲ್ಯಾಪ್‌ಗಳ ಮಾತು ಎತ್ತಿದ್ದು.

2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಮೊನಾಕೋದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದಾಗ ನಾವು ಮೂವರೂ ಟಿವಿ ಮುಂದೆ ಇದ್ದೆವು. ಅಲ್ಲಿ ಗೆದ್ದ ಮೊದಲ ಭಾರತೀಯ. ಕ್ವಾಲಿಫೈಯಿಂಗ್‌ನ ಮೊದಲ ಹತ್ತು ಸ್ಥಾನಗಳನ್ನು ತಿರುಗಿಸಿ ನಿಲ್ಲಿಸುವ ನಿಯಮದಿಂದ ಅವರಿಗೆ ಮುಂದಿನ ಜಾಗ ಸಿಕ್ಕಿತ್ತು, ನಿಜ. ಆದರೆ ಎರಡೂ ಕಡೆ ತಡೆಗೋಡೆ ಇರುವ ಆ ಬೀದಿಯಲ್ಲಿ, ಹಿಂದೆ ಬರುವವರ ಒತ್ತಡದಲ್ಲಿ, ಲ್ಯಾಪ್ ಮೇಲೆ ಲ್ಯಾಪ್ ತಪ್ಪದೆ ಓಡಿಸುವುದು ಸಣ್ಣ ಮಾತಲ್ಲ. ಜನಗಣಮನ ಕೇಳಿದಾಗ ನನ್ನ ಹೆಂಡತಿ ಎದ್ದು ನಿಂತಳು. ಮಗ ಮಾತ್ರ ಮಾರನೇ ದಿನ ರೇಸನ್ನು ಮತ್ತೆ ಹಾಕಿಕೊಂಡು, ಸುರಂಗದಿಂದ ಹೊರಬಂದ ಮೇಲಿನ ಬ್ರೇಕಿಂಗನ್ನೇ ನೋಡುತ್ತಾ ಕೂತಿದ್ದ.

ಭಯದ ಪ್ರಶ್ನೆಗೆ ಉತ್ತರ ಕೊಡುತ್ತೇನೆ ಅಂದಿದ್ದೆ. ಆಗುತ್ತದೆ. ಹೇಲೋ ಬಂದ ಮೇಲೆ ಸ್ವಲ್ಪ ಕಮ್ಮಿ. 2020ರಲ್ಲಿ ಬಹರೇನ್‌ನಲ್ಲಿ ರೊಮೇನ್ ಗ್ರೋಜಾನ್ ಬೆಂಕಿಯೊಳಗಿಂದ ಎದ್ದು ಬಂದದ್ದನ್ನು ನೋಡಿದ ಮೇಲೆ ಆ ಟೈಟಾನಿಯಂ ಬಳೆಗೆ ನಾನು ಮನಸ್ಸಲ್ಲೇ ಕೈ ಮುಗಿದಿದ್ದೇನೆ. ವೇಗದ ಪ್ರಶ್ನೆಗೂ ಹೇಳಿಬಿಡುತ್ತೇನೆ. ಫಾರ್ಮುಲಾ 4 ಕಾರು ಉದ್ದದ ನೇರ ದಾರಿಯಲ್ಲಿ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ.

ಸದ್ಯ ಮಗನಿಗೆ ದ್ವಿತೀಯ ಪಿಯುಸಿ. ಪರೀಕ್ಷೆ ಮುಗಿದ ಮೇಲೆ ಹೊರದೇಶದ ಒಂದು ತಂಡದಲ್ಲಿ ಟೆಸ್ಟಿಂಗ್‌ಗೆ ಅವಕಾಶ ಇದೆ. ಸ್ಪಾನ್ಸರ್‌ಗಾಗಿ ಓಡಾಡುತ್ತಿದ್ದೇನೆ. ಹೋದ ಕಡೆಯೆಲ್ಲ ಟಿವಿಯಲ್ಲಿ ಬರುತ್ತಾ ಅಂತಲೇ ಕೇಳುತ್ತಾರೆ. ಪೀಣ್ಯದ ಇಬ್ಬರು ಗೆಳೆಯರು ಮಾತ್ರ ಅದನ್ನು ಕೇಳದೆ ಟೈರಿನ ಖರ್ಚು ವಹಿಸಿಕೊಂಡಿದ್ದಾರೆ. ಅವರ ಋಣ ದೊಡ್ಡದು.

ಮಗುವನ್ನು ಕಾರ್ಟಿಂಗ್‌ಗೆ ಹಾಕಬೇಕು ಅಂತ ಎಷ್ಟೋ ಅಪ್ಪ ಅಮ್ಮಂದಿರು ಫೋನ್ ಮಾಡುತ್ತಾರೆ. ನಾನು ಹೇಳುವುದು ಇಷ್ಟು. ಮೊದಲು ಕೆಲವು ತಿಂಗಳು ಬಾಡಿಗೆ ಕಾರ್ಟೇ ಸಾಕು. ಆಸೆ ಉಳಿದರೆ ಸೆಕೆಂಡ್ ಹ್ಯಾಂಡ್ ಚಾಸಿ ತೆಗೆದುಕೊಳ್ಳಿ, ಪೈಪಿನ ತಳ ಸವೆದಿದೆಯಾ ಅಂತ ಮಗುಚಿ ನೋಡಿ. ಹೆಲ್ಮೆಟ್, ಪಕ್ಕೆಲುಬಿನ ರಕ್ಷಾಕವಚ ಇವೆರಡನ್ನು ಮಾತ್ರ ಹೊಸದೇ ಕೊಳ್ಳಿ. ಹೊಳೆಯುವ ಸ್ಟಿಕ್ಕರ್, ದೊಡ್ಡ ಟೆಂಟ್ ಯಾವುದೂ ಬೇಡ. ಉಳಿದ ದುಡ್ಡೆಲ್ಲ ಟೈರಿಗೆ, ಪೆಟ್ರೋಲಿಗೆ, ಟ್ರ್ಯಾಕ್ ಸಮಯಕ್ಕೆ ಇಡಿ. ವಾರದ ನಡುವೆ ಟ್ರ್ಯಾಕ್ ಖಾಲಿ ಇರುತ್ತದೆ. ಶಾಲೆಯವರ ಹತ್ತಿರ ಕೂತು ಮಾತಾಡಿ, ಬುಧವಾರ ಮಧ್ಯಾಹ್ನ ಕರೆದುಕೊಂಡು ಹೋಗಿ.